ಶೇಖ್ ಖಲಫರ ಹನ್ನೊಂದು ಅಂಕ

ಐದನೆಯ ಸಲ ಕೂಡಿಸಿದರೂ ಹನ್ನೊಂದೇ ಬಂತು. ವಗ್ದಿ ಉಸ್ತಾದ ಕೆಂಪು ಪೆನ್ನು ಕೆಳಗಿಟ್ಟ, ಕನ್ನಡಕ ಒರೆಸಿಕೊಂಡ, ಆರನೆಯ ಸಲ ಕೂಡಿಸಲು ಕೂತ. ಐವತ್ತಕ್ಕೆ ಇಪ್ಪತ್ತೈದು ಬಂದರೆ ಪಾಸು. ಉಳಿದ ಹದಿನಾಲ್ಕನ್ನು ಎಲ್ಲಿಂದ ತರುವುದು? ಹೆಸರು ಬರೆದದ್ದಕ್ಕೆ ಒಂದು ಅಂಕ ಕೊಡೋಣವೆಂದರೆ ಶೇಖ್ ಖಲಫರು ಹೆಸರಿನ ಜಾಗದಲ್ಲಿ ತಮ್ಮ ಒಂಟೆಗಳಿಗೆ ಹಾಕುವ ಬರೆಯ ಗುರುತನ್ನು ಬಿಡಿಸಿದ್ದರು. ಎರಡು ಗೆರೆ, ಪಕ್ಕದಲ್ಲೊಂದು ಬಳೆ. ಆ ಗುರುತು ಯಾರದೆಂದು ಬೀರ್ ಅರ್ತಾ ಊರಿನಲ್ಲಿ ಒಂಟೆಗಳಿಗೂ ಗೊತ್ತು. ಶಿಕ್ಷಣ ಇಲಾಖೆಗೆ ಗೊತ್ತಿಲ್ಲ, ಅಷ್ಟೆ.

ಸಂಜೆ ಶಾಲೆಯ ಪರೀಕ್ಷೆ ನಡೆದದ್ದು ಸೋಮವಾರ. ಹತ್ತೊಂಬತ್ತು ಮಂದಿ ಗಡ್ಡದವರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಮೊದಲು ಉಕ್ತಲೇಖನ. 'ಒಂಟೆ ಹತ್ತು ದಿನ ನೀರಿಲ್ಲದೆ ಇರಬಲ್ಲದು' ಎಂದು ವಗ್ದಿ ನಿಧಾನವಾಗಿ ಓದಿದ. ಶೇಖರು ಬರೆಯಲಿಲ್ಲ.

"ಯಾವ ಕಾಲದಲ್ಲಿ?" ಎಂದು ಕೇಳಿದರು.

"ಇದು ಬರೀ ವಾಕ್ಯ ಶೇಖ್. ಬರೀರಿ."

"ಬೇಸಿಗೇಲಿ ನಾಲ್ಕು ದಿನಕ್ಕೇ ಬಿದ್ದುಹೋಗುತ್ತೆ. ಚಳಿಗಾಲದಲ್ಲಿ ಹಸಿ ಮೇವು ಸಿಕ್ಕರೆ ತಿಂಗಳು ನೀರು ಕೇಳಲ್ಲ. ಸುಳ್ಳನ್ನ ನನ್ನ ಕೈಯಿಂದ ಬರೆಸಬೇಡಿ."

ಆಮೇಲೆ ಲೆಕ್ಕ. ಒಬ್ಬನ ಬಳಿ ಹನ್ನೆರಡು ಕುರಿಗಳಿದ್ದವು, ಅತಿಥಿಗಳು ಬಂದರೆಂದು ಮೂರನ್ನು ಕಡಿದ, ಉಳಿದವೆಷ್ಟು? ಶೇಖರು ಪೆನ್ಸಿಲನ್ನು ಬೆಂಚಿನ ಮೇಲಿಟ್ಟು, ಇಡೀ ಕೋಣೆಗೆ ಕೇಳುವ ಹಾಗೆ, "ಅತಿಥಿ ಕೂತಿರೋವಾಗ ಹಿಂದೆ ಹೋಗಿ ಉಳಿದ ಕುರಿ ಎಣಿಸೋನು ಯಾವ ಮನೆತನದವನು ಉಸ್ತಾದರೇ?" ಎಂದರು. ಉಳಿದವರಲ್ಲಿ ಏಳೆಂಟು ಮಂದಿ ಹೌದೌದೆಂದು ತಲೆಯಾಡಿಸಿ, ಬರೆದಿದ್ದ ಒಂಬತ್ತನ್ನು ಹೊಡೆದುಹಾಕಿಬಿಟ್ಟರು.

ಈ ಎಲ್ಲದರ ಮೊತ್ತ ಹನ್ನೊಂದು. ಆರನೆಯ ಸಲವೂ ಹನ್ನೊಂದು.

ಮುಖ್ಯೋಪಾಧ್ಯಾಯ ದೈಫಲ್ಲಾ ಅದೇ ಊರಿನವನು, ಶೇಖರ ತಂಗಿಯ ಮಗ. ಅವನು ಬುಧವಾರ ಬಂದು ಉತ್ತರಪತ್ರಿಕೆಯನ್ನು ನೋಡಿ, ಅದು ಬಿಸಿಯಾಗಿದೆಯೋ ಎಂಬಂತೆ ತಟ್ಟನೆ ಕೆಳಗಿಟ್ಟ.

"ನಾನೇನೂ ಹೇಳಲ್ಲ ಉಸ್ತಾದ್. ಪೆನ್ನು ನಿಮ್ದು, ಅಂಕ ನಿಮ್ದು. ನಿಮ್ಮ ಕರಾರು ಮುಂದುವರಿಸೋ ಕಾಗದದಲ್ಲಿ ಊರ ಹಿರಿಯರ ಅಭಿಪ್ರಾಯ ಅಂತ ಒಂದು ಜಾಗ ಇದೆ. ಅಲ್ಲಿ ಯಾರ ಮೊಹರು ಬೀಳಬೇಕು ಅನ್ನೋದು ನಿಮಗೆ ನೆನಪಿದ್ರೆ ಸಾಕು."

ನೆನಪಿರದೆ ಏನು. ಎರಡು ವರ್ಷ ಒಂಟಿಯಾಗಿ ಕಳೆದ ಮೇಲೆ, ಕರಾರು ಮುಂದುವರಿದರೆ ಮಾತ್ರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು ಎಂದು ಇಲಾಖೆ ಹೇಳಿತ್ತು. ನೈಲ್ ದಂಡೆಯ ಜಿಫ್ತಾ ಪಟ್ಟಣದಲ್ಲಿ ನಗ್ವಾ ಆಗಲೇ ಎರಡು ಟ್ರಂಕು ಕಟ್ಟಿಟ್ಟಿದ್ದಳು. ಮರಳುಗಾಡಿನಲ್ಲಿ ಚಳಿಗಾಲ ಗಡಗಡ ನಡುಗಿಸುತ್ತದೆ ಎಂದು ಅವನು ಒಮ್ಮೆ ಬರೆದದ್ದೇ ತಪ್ಪಾಗಿ, ಇಬ್ಬರು ಹೆಣ್ಣುಮಕ್ಕಳಿಗೂ ತಲಾ ನಾಲ್ಕು ಸ್ವೆಟರ್ ಹೆಣೆದಿದ್ದಳು. ಕರಾರು ಮುರಿದರೆ ಎಂಟು ಸ್ವೆಟರುಗಳಿಗೆ ಅವನು ಉತ್ತರ ಹೇಳಬೇಕು.

"ಪಾಸು ಅಂತ ಬರೆದು ಮಲ್ಕೋ," ಎಂದ ಬಾಬಿಕರ್. ಸುಡಾನಿನವನು, ಭೂಗೋಳದ ಮೇಷ್ಟ್ರು. ಒಂಬತ್ತು ವರ್ಷದಿಂದ ಇಲ್ಲಿದ್ದಾನೆ. ಇಬ್ಬರೂ ಶಾಲೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೆ ಅಡುಗೆ ಮಾಡಿಕೊಂಡಿದ್ದರು.

"ಪಾಸಾದವರಿಗೆ ಮತ್ತೆ ತರಗತಿಗೆ ಪ್ರವೇಶ ಇಲ್ಲ. ಅಂದ್ರೆ ನಿಮಗೆ ಓದು ಬಂತು ಅಂತ ಕಾಗದ ಕೊಟ್ಟು, ಓದು ಬರದ ಹಾಗೆ ಬಾಗಿಲು ಹಾಕಿದಂಗೆ. ಅದು ಮೋಸ ಅಲ್ವಾ?"

"ಮೋಸ. ಹಾಗಾದ್ರೆ ನಾಪಾಸು ಅಂತ ಬರೆದು ಬಾಗಿಲಿಗೆ ಅಂಟಿಸು."

"ಶೇಖರು ಬಾಗಿಲ ಮೇಲಿನ ಪಟ್ಟಿ ಓದೋದು ಹೇಗೆ? ಓದೋಕೆ ಬಂದಿದ್ರೆ ಪಾಸೇ ಆಗ್ತಿದ್ರು. ಬೇರೆ ಯಾರೋ ಓದಿ ಹೇಳಬೇಕು. ಅವರ ವಯಸ್ಸಿಗೆ ಅದು ಸರಿಯಲ್ಲ ಬಾಬಿಕರ್. ನಾನೇ ಹೋಗಿ, ಎದುರಿಗೆ ಕೂತು ಹೇಳ್ತೀನಿ."

"ನಿನ್ನ ತಲೇಲಿ ಓಡೋದನ್ನ ತಿಳ್ಕೊಳ್ಳೋಕೆ ಬೇರೆಯವರಿಗೆ ಸಂಬಳ ಕೊಡಬೇಕು," ಎಂದು ಬಾಬಿಕರ್ ಬೆಂಡೆಕಾಯಿ ಹೆಚ್ಚುವುದಕ್ಕೆ ಹೋದ.

ಪಟ್ಟಿ ಹಚ್ಚಬೇಕಾದದ್ದು ಶನಿವಾರ. ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ವಗ್ದಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶೇಖರ ಮಜ್ಲಿಸಿಗೆ ಹೋದ. ಊರ ಗಂಡಸರು ಸೇರುವ ಉದ್ದನೆಯ ಆ ಕೋಣೆಯಲ್ಲಿ ಇಪ್ಪತ್ತು ಮಂದಿ ಗೋಡೆಗುಂಟ ಲೋಡುಗಳಿಗೆ ಒರಗಿದ್ದರು. ಎಲ್ಲರೂ ಎದ್ದರು, ಎಲ್ಲರ ಕೈ ಕುಲುಕಿದ್ದಾಯಿತು, ಎಲ್ಲರ ಕ್ಷೇಮ ಎರಡೆರಡು ಸಲ ವಿಚಾರಿಸಿದ್ದಾಯಿತು. ಶೇಖರು ತಮ್ಮ ಬಲಗಡೆ ಕೂರಿಸಿಕೊಂಡರು. ಮುದುಕ ಸುವೈಲಿಮ್ ಹಿತ್ತಾಳೆ ಕೊಕ್ಕಿನ ಪಾತ್ರೆಯಿಂದ ಏಲಕ್ಕಿ ಕಾಫಿ ಸುರಿದು ಬಟ್ಟಲನ್ನು ಕೈಗಿತ್ತ.

ಇಲ್ಲಿ ಒಂದು ವಿಷಯ ಹೇಳಬೇಕು. ವಗ್ದಿಗೆ ಹೊಟ್ಟೆಹುಣ್ಣು ಎಂದು ಪಟ್ಟಣದ ಡಾಕ್ಟರು ಹೇಳಿ ಒಂದು ವಾರವೂ ಆಗಿರಲಿಲ್ಲ. ಕಾಫಿ ಮುಟ್ಟಿದರೆ ಹೊಟ್ಟೆ ತೂತಾಗುತ್ತದೆ ಎಂದಿದ್ದರು. ಬೇಡವೆಂದು ಕೈ ಅಡ್ಡ ಮಾಡಿದರೆ ಮನೆಯವರಿಗೆ ಅಗೌರವವಾದೀತು ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. ಜಿಫ್ತಾದಲ್ಲಾದರೆ ಬಟ್ಟಲು ತೆಗೆದುಕೊಂಡು ಪಕ್ಕಕ್ಕಿಟ್ಟರೆ ಮುಗಿಯಿತು, ಯಾರೂ ತಿರುಗಿ ನೋಡುವುದಿಲ್ಲ. ಅವನು ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡ, ಬಹಳ ಮರ್ಯಾದೆಯಿಂದ ಬಗ್ಗಿ, ತನ್ನ ಮುಂದೆ ಜಮಖಾನದ ಮೇಲೆ ನೆಟ್ಟಗೆ ಇಟ್ಟ.

ಮಜ್ಲಿಸಿನಲ್ಲಿ ಮಾತು ನಿಂತಿತು. ಜಪಮಣಿಗಳ ಟಿಕಟಿಕವೂ ನಿಂತಿತು. ಮೂಲೆಯಲ್ಲಿ ಯಾರೋ ರೇಡಿಯೊ ಆರಿಸಿದರು. ಒರಗಿದ್ದ ಶೇಖರು ನೆಟ್ಟಗಾಗಿ ಕೂತು ಜುಬ್ಬ ಸರಿಮಾಡಿಕೊಂಡರು.

"ಕಾಫಿ ಕುಡೀರಿ ಉಸ್ತಾದರೇ," ಎಂದರು ಮೆಲ್ಲಗೆ.

"ಆಮೇಲೆ ಆಗ್ಲಿ ಶೇಖ್. ಮೊದಲು ಒಂದು ಮಾತು ಇತ್ತು."

"ದೊಡ್ಡ ಮಾತಾ?"

"ಸ್ವಲ್ಪ ಭಾರದ್ದೇ. ನಿಮ್ಮ ಮುಂದೆ ಹೇಗೆ ಇಡೋದು ಅಂತ ಸೋಮವಾರದಿಂದ ನಿದ್ದೆ ಇಲ್ಲ."

ಇಪ್ಪತ್ತು ಗಡ್ಡಗಳೂ ಒಂದಿಷ್ಟು ಮುಂದೆ ಬಾಗಿದವು. ಶೇಖರು ಕೇಳಿದರು: "ನನ್ನಿಂದ ಆಗೋ ಅಂಥದ್ದಾ?"

ಹನ್ನೊಂದು ಅಂಕವನ್ನು ಸಮಾಧಾನದಿಂದ ಒಪ್ಪಿಕೊಳ್ಳುವುದು ಶೇಖರೊಬ್ಬರಿಂದಲೇ ತಾನೆ ಆಗುವುದು? ವಗ್ದಿ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟ: "ನಿಮ್ಮಿಂದ ಮಾತ್ರ ಆಗೋದು. ನೀವು ದೊಡ್ಡ ಮನಸ್ಸು ಮಾಡಬೇಕು."

ಶೇಖರು ಗಡ್ಡದ ಮೇಲೆ ಕೈಯಿಟ್ಟರು. "ಕುಡೀರಿ. ನೀವು ಏನು ಬೇಕು ಅಂತ ಬಂದ್ರೋ ಅದು ನಿಮಗೆ ಸಿಕ್ಕಿತು. ಇಷ್ಟು ಜನ ಸಾಕ್ಷಿ."

ಏನು ಸಿಕ್ಕಿತು ಎಂದು ವಗ್ದಿಗೆ ಹೊಳೆಯಲಿಲ್ಲ. ಆದರೆ ಇಪ್ಪತ್ತು ಜೊತೆ ಕಣ್ಣು ಬಟ್ಟಲಿನ ಮೇಲೇ ನೆಟ್ಟಿದ್ದವು. ಹೆದರಿ ಗಟಗಟನೆ ಕುಡಿದುಬಿಟ್ಟ. ಎಲ್ಲರೂ ಹೋ ಎಂದು ಉಸಿರು ಬಿಟ್ಟರು. ಕಾಫಿ ಒಳಗಿಳಿದು ಸರಿಯಾಗಿ ಡಾಕ್ಟರು ಹೇಳಿದ ಜಾಗಕ್ಕೇ ಹೋಗಿ ಕೂತಿತು.

"ಈಗ ಹೇಳಿ. ಏನು ಬೇಕು?"

ಹೊಟ್ಟೆಯಲ್ಲಿ ಬೆಂಕಿ, ನಾಲಿಗೆಯಲ್ಲಿ ಪಸೆಯಿಲ್ಲ. "ನಾಳೆ ಹೇಳ್ತೀನಿ ಶೇಖ್. ನಾಳೆ, ಜುಮ್ಮಾ ನಮಾಜ್ ಆದ್ಮೇಲೆ," ಎಂದು ಹೊಟ್ಟೆ ಹಿಡಿದುಕೊಂಡೇ ಹೊರಬಿದ್ದ. ಹಿಂದಿನಿಂದ ಯಾರೋ, "ಪಾಪ, ಎಷ್ಟು ದೊಡ್ಡದೋ, ಬಾಯಿಂದ ಬರ್ತಾ ಇಲ್ಲ," ಎನ್ನುವುದು ಕೇಳಿಸಿತು.

ಬಾಬಿಕರ್ ಎಲ್ಲವನ್ನೂ ಕೇಳಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ. ಸುಮಾರು ಹೊತ್ತು ನಕ್ಕ.

"ಬಟ್ಟಲು ನೆಲಕ್ಕಿಟ್ಯಾ? ಕುಡೀದೆ?"

"ಹೊಟ್ಟೆಹುಣ್ಣು ಕಣಯ್ಯಾ."

"ಕುಡೀದೆ ಮುಂದಿಟ್ರೆ ಇವರಲ್ಲಿ ಏನರ್ಥ ಗೊತ್ತಾ? ನಾನು ಬೇಡೋಕೆ ಬಂದಿದೀನಿ, ಕೊಡ್ತೀನಿ ಅನ್ನೋವರೆಗೂ ನಿನ್ನ ಕಾಫಿ ಮುಟ್ಟಲ್ಲ ಅಂತ. ಹೆಣ್ಣು ಕೇಳೋಕೆ ಬಂದೋರು ಹಾಗಿಡ್ತಾರೆ. ಕೊಲೆ ಮಾಡಿ ಕ್ಷಮೆ ಕೇಳೋಕೆ ಬಂದೋರು ಹಾಗಿಡ್ತಾರೆ. ನೀನು ಇಟ್ಟಿದ್ದಲ್ದೆ, ಭಾರ ಅಂದೆ, ನಿಮ್ಮಿಂದ ಮಾತ್ರ ಆಗೋದು ಅಂದೆ. ಇನ್ನೇನು ಉಳಿಸಿದೆ?"

"ಎರಡು ವರ್ಷ ಆಯ್ತು, ಒಬ್ಬರೂ ನಂಗೆ ಇದನ್ನ ಹೇಳಿಲ್ಲ."

"ಎರಡು ವರ್ಷ ಕೊಟ್ಟಿದ್ದನ್ನೆಲ್ಲ ಕುಡ್ಕೊಂಡು ಬಂದೆ. ಯಾರು ಯಾಕೆ ಹೇಳ್ತಾರೆ?"

ವಗ್ದಿ ಚಾಪೆಯ ಮೇಲೆ ಕುಸಿದು ಕೂತ. "ನಾಳೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ. ಹೊಟ್ಟೆ ಸರಿ ಇರ್ಲಿಲ್ಲ, ಬೇಡೋದು ಏನೂ ಇಲ್ಲ ಅಂತ."

"ಹೇಳು. ಶೇಖ್ ಖಲಫರು ಊರ ಮುಂದೆ ಗಡ್ಡ ಮುಟ್ಟಿ ಮಾತು ಕೊಟ್ಟಿದ್ದು ಒಬ್ಬ ಈಜಿಪ್ಟಿನವನ ಹೊಟ್ಟೆಹುಣ್ಣಿಗೆ ಅಂತ ಆಗುತ್ತೆ. ಸುತ್ತ ಏಳು ಬಾವಿಯ ಜನ ನಗ್ತಾರೆ. ಆಮೇಲೆ ಕರಾರಿನ ಮಾತು ಬಿಡು, ನಿನ್ನನ್ನ ಬಸ್ಸಿಗೆ ಹತ್ತಿಸೋಕೂ ಯಾರೂ ಬರಲ್ಲ."

"ಹಾಗಾದ್ರೆ ಏನಾದ್ರೂ ಚಿಕ್ಕದು ಕೇಳ್ತೀನಿ. ಒಂದು ಡಬ್ಬಿ ತುಪ್ಪ."

"ಅದು ಇನ್ನೂ ಕೆಟ್ಟದ್ದು. ಅವರ ಗಡ್ಡಕ್ಕೆ ಒಂದು ಡಬ್ಬಿ ತುಪ್ಪದ ಬೆಲೆ ಕಟ್ಟಿದ ಅಂತಾರೆ."

ಶುಕ್ರವಾರ ಬೆಳಗ್ಗೆ ವಗ್ದಿ ಹಲ್ಲುಜ್ಜುವುದರೊಳಗೆ ಜನ ಬರತೊಡಗಿದರು. ಮೊದಲು ದೈಫಲ್ಲಾ. "ಹೇಗೂ ಕೇಳ್ತೀರಿ, ಶಾಲೆಗೆ ಕಾಂಪೌಂಡ್ ಗೋಡೆ ಕೇಳಿ. ಆಡುಗಳು ಭೂಪಟ ತಿಂತಿವೆ," ಎಂದು ಹೇಳಿಹೋದ. ಆಮೇಲೆ ನೀರಿನ ಟ್ಯಾಂಕರ್ ಓಡಿಸುವ ಮುತ್ಲಖ್ ಬಂದ. ಸಂಜೆ ಶಾಲೆಯ ಜಾಣ ಅವನೇ. ಟ್ಯಾಂಕರಿನ ಕಿಟಕಿಗೆ ಅಕ್ಷರಗಳ ಪಟ್ಟಿ ಅಂಟಿಸಿಕೊಂಡು ಕಲಿತವನು, ನಲವತ್ತನಾಲ್ಕು ಅಂಕ ತೆಗೆದಿದ್ದ. ಶೇಖರ ಬಾವಿಯ ಪಂಪು ಬೆಳಗಿನ ನಮಾಜಿಗೆ ಮುಂಚೆಯೇ ತೆರೆಯುವಂತೆ ಕೇಳಬೇಕೆಂದು ಅವನ ಕೋರಿಕೆ. ಮೂರನೆಯವನು ಕಾಫಿ ಸುರಿಯುವ ಸುವೈಲಿಮ್. ಅವನು ಸುತ್ತಮುತ್ತ ನೋಡಿ ಹತ್ತಿರ ಕೂತ.

"ಶೇಖರ ಕಿರಿಮಗಳಾ?"

"ಅಯ್ಯೋ, ಇಲ್ಲಪ್ಪ. ನನಗೆ ಹೆಂಡ್ತಿ ಇದಾಳೆ."

"ಎಷ್ಟು ಜನ?"

"ಒಬ್ಬಳು."

"ಒಬ್ಬಳೇ. ಮತ್ತೆ ಅಡ್ಡಿ ಏನು?" ಸುವೈಲಿಮ್ ಅವನ ಬೆನ್ನು ತಟ್ಟಿದ. "ನಿನ್ನೆ ನೀವು ಹೋದ್ಮೇಲೆ ಹೆಂಗಸರು ಪರದೆ ಸರಿಸಿ, ಮೇಷ್ಟ್ರು ಎಷ್ಟು ಎತ್ತರ ಅಂತ ನನ್ನೇ ಕೇಳಿದ್ರು. ನಾನು ಸ್ವಲ್ಪ ಜಾಸ್ತಿ ಹೇಳಿದೀನಿ. ಹೋಗುವಾಗ ನೆಟ್ಟಗೆ ನಡೀರಿ."

ಎಲ್ಲಕ್ಕಿಂತ ವಗ್ದಿಯನ್ನು ಕುಗ್ಗಿಸಿದ್ದು ಬಾಬಿಕರ್ ತಂದ ಸುದ್ದಿ. ಶೇಖರು ತಮ್ಮ ಪ್ರಾಣದಂತಿದ್ದ ಬಿಳಿ ಹೆಣ್ಣು ಒಂಟೆಗೆ ಬೆಳಗ್ಗೆಯೇ ಮೈತೊಳೆಸಿ, ಹೊಸ ಹಗ್ಗ ಹಾಕಿಸಿ, ಮಜ್ಲಿಸಿನ ಬಾಗಿಲಲ್ಲಿ ಕಟ್ಟಿಸಿದ್ದಾರೆ. ಕೇಳಿದರೆ ತಡವಾಗಬಾರದಲ್ಲ ಎಂದರಂತೆ. ಅಲ್ಲಿಂದ ಆಚೆ ಅದರ ಮುಖ ನೋಡದೆ ಹಿಂಬಾಗಿಲಿಂದಲೇ ಓಡಾಡುತ್ತಿದ್ದಾರಂತೆ.

ಜುಮ್ಮಾ ನಮಾಜಿನಲ್ಲಿ ವಗ್ದಿ ಎಷ್ಟು ಸಲ ಬಗ್ಗಿದ, ಎಷ್ಟು ಸಲ ಎದ್ದ ಎಂಬುದು ಅವನಿಗೇ ತಿಳಿಯಲಿಲ್ಲ. ಹೇಳಬೇಕಾದ ಮಾತು ಒಂದಿತ್ತು: ನೀವು ನಾಪಾಸು. ಕೇಳಬೇಕಾದದ್ದು ಇನ್ನೊಂದಿತ್ತು, ಅದು ಏನೆಂದೇ ಗೊತ್ತಿರಲಿಲ್ಲ. ಎರಡನ್ನೂ ಹೊತ್ತುಕೊಂಡು ನೆಟ್ಟಗೆ ನಡೆಯಲು ಪ್ರಯತ್ನಿಸುತ್ತ ಬಾಬಿಕರ್ ಜೊತೆ ಮಜ್ಲಿಸಿಗೆ ಬಂದ. ಬಾಗಿಲಲ್ಲಿ ಬಿಳಿ ಒಂಟೆ ಅವನನ್ನು ಮೇಲಿಂದ ಕೆಳಗೆ ನೋಡಿತು.

ಈ ಸಲ ಐವತ್ತು ಮಂದಿ. ಜಾಗವಿಲ್ಲದವರು ಕಿಟಕಿಯಲ್ಲಿ ನಿಂತಿದ್ದರು. ಕುಶಲ ಕೇಳಿದ್ದೆಲ್ಲ ಅರ್ಧ ನಿಮಿಷದಲ್ಲಿ ಮುಗಿಯಿತು. ಬೀರ್ ಅರ್ತಾದಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ.

"ಕೇಳಿ ಉಸ್ತಾದರೇ," ಎಂದರು ಶೇಖರು. ಅವರ ಕಣ್ಣು ಬಾಗಿಲ ಕಡೆ ಹೋಗಿ ತಟ್ಟನೆ ಹಿಂದಕ್ಕೆ ಬಂತು.

ವಗ್ದಿ ಬಾಯಿ ತೆರೆದ. ಗೋಡೆ ಎನ್ನಬೇಕೆಂದಿದ್ದ, ಪಂಪು ಎನ್ನಬೇಕೆಂದಿದ್ದ. ಆದರೆ ಐದು ದಿನದಿಂದ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ ಆದ್ದರಿಂದ, ಹೊರಗೆ ಬಂದದ್ದೂ ಅದೇ.

"ನೀವು ಇನ್ನೊಂದು ವರ್ಷ ನನ್ನ ತರಗತಿಗೆ ಬರಬೇಕು ಶೇಖ್."

ಶೇಖರು ಕಣ್ಣು ಕಿರಿದು ಮಾಡಿದರು. "ಯಾವ ತರಗತಿ?"

"ಸಂಜೆ ಶಾಲೆ. ಮೊದಲನೇ ಬೆಂಚು. ಇದೇ ಒಂದನೇ ತರಗತಿ."

"ದಿನಾನಾ?"

"ವಾರಕ್ಕೆ ಐದು ದಿನ."

"ಒಂದೇ ವರ್ಷ ಸಾಕಾ?"

ಸಾಕೆಂದು ಹೇಳಲು ಅವನ ಮನಸ್ಸು ಒಪ್ಪಲಿಲ್ಲ. "ನೋಡೋಣ ಶೇಖ್. ಎರಡೂ ಆಗಬಹುದು." ಬಾಬಿಕರ್ ಅವನ ತೊಡೆ ಚಿವುಟಿದ. ಹೇಳಬೇಕಾದದ್ದು ಇನ್ನೂ ಬಾಕಿಯಿತ್ತು, ಹೇಳದಿದ್ದರೆ ಇದೂ ಒಂದು ಬಗೆಯ ಮೋಸವೇ ಆಗುತ್ತದೆಂದು ಅನಿಸಿ ವಗ್ದಿ ಕಣ್ಣು ಮುಚ್ಚಿಕೊಂಡು ಮುಂದುವರಿಸಿದ: "ಪಾಸಾದವರನ್ನ ಇಲಾಖೆ ಮತ್ತೆ ಕೂರಿಸಲ್ಲ. ನಿಮಗೆ ಬಂದಿರೋದು ಹನ್ನೊಂದು ಅಂಕ. ನಾಳೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ನಾಪಾಸು ಅಂತ ಬರೀಬೇಕಾಗುತ್ತೆ."

ಚಿವುಟುವುದು ನಿಂತಿತು. ಬಾಬಿಕರ್ ಮೆಲ್ಲಗೆ ಪಕ್ಕಕ್ಕೆ ಸರಿದು, ತಾನು ಬೇರೆ, ಇವನು ಬೇರೆ ಎಂಬಂತೆ ಕೂತ.

ಶೇಖರು ಗಡ್ಡ ನೀವಿಕೊಂಡರು. ಆಮೇಲೆ ಸುತ್ತ ಎಲ್ಲರ ಮುಖ ನೋಡಿದರು. "ಕೇಳಿದ್ರಾ? ಒಂಟೆ ಕೇಳಬಹುದಿತ್ತು, ಕೇಳ್ಲಿಲ್ಲ. ಭೂಮಿ ಕೇಳಬಹುದಿತ್ತು. ನನ್ನ ಎರಡು ವರ್ಷ ಕೇಳಿದ. ಅದರ ಮೇಲೆ ನನ್ನ ಪಾಸನ್ನೂ ಕೇಳಿದ." ವಗ್ದಿಯ ಕಡೆ ತಿರುಗಿದರು. "ಬರೀರಿ ಉಸ್ತಾದರೇ. ನಾಪಾಸು ಅಂತ ದಪ್ಪಕ್ಷರದಲ್ಲಿ ಬರೀರಿ. ಕೊಟ್ಟೆ ಅಂದ್ಮೇಲೆ ಕೊಟ್ಟೆ."

ಕೋಣೆಯೆಲ್ಲ ಗುಜುಗುಜು ಎದ್ದಿತು. "ಯಾರು ಕೊಡ್ತಾರೆ ಹೇಳಿ ಇಂಥದ್ದನ್ನ," ಎಂದು ಕಿಟಕಿಯಲ್ಲಿದ್ದ ಒಬ್ಬ ಮುದುಕ ಕಣ್ಣೊರೆಸಿಕೊಂಡ. "ಇವರಪ್ಪನೂ ಹೀಗೇ. ಬೇಡಿದೋರಿಗೆ ಕುದುರೆ ಕೊಟ್ಟು ನಡಕೊಂಡು ಮನೆಗೆ ಬಂದವರು." ಸುವೈಲಿಮ್‌ಗೆ ಮಾತ್ರ ಸ್ವಲ್ಪ ನಿರಾಸೆಯಾದಂತಿತ್ತು. ಒಳಗೆ ಪರದೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಊಟ ಮುಗಿಸಿ ಹೊರಡುವಾಗ ಶೇಖರು ವಗ್ದಿಯ ಕೈ ಹಿಡಿದುಕೊಂಡೇ ಬೇಲಿಯವರೆಗೂ ನಡೆದು ಬಂದರು. ಹಾಗೆ ಬರುವಾಗ ಬಿಳಿ ಒಂಟೆಯ ಹಗ್ಗ ಬಿಚ್ಚಿ, ಅದರ ಕುತ್ತಿಗೆಗೆ ಎರಡು ಸಲ ತಟ್ಟಿ, ಕೊಟ್ಟಿಗೆಯ ಕಡೆ ಅಟ್ಟಿದರು. ಯಾರೂ ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ದೈಫಲ್ಲಾ ನನ್ನನ್ನ ಪಾಸು ಮಾಡ್ಸಿಬಿಡ್ತಾನೆ ಅಂತ ಹೆದರಿದ್ದೆ."

"ಹೆದರಿದ್ರಾ?"

"ನಮ್ಮ ಕುಲ-ಕಬೀಲೆಗಳ ವಂಶದ ಬಗ್ಗೆ ಒಂದು ಪುಸ್ತಕ ಅಚ್ಚಾಗಿದೆ. ಅದರಲ್ಲಿ ನಮ್ಮಜ್ಜನಿಗೆ ನಾಲ್ಕೇ ಸಾಲು, ತನ್ನಜ್ಜನಿಗೆ ಒಂದು ಪೂರಾ ಪುಟ ಅಂತ ಆ ಕೆಳಗಿನ ಬಾವಿಯ ದಗೈಮ್ ಮದುವೆ ಮನೇಲಿ ಎಲ್ಲರ ಮುಂದೆ ಅಂದ. ಪುಸ್ತಕ ತರಿಸಿದೆ. ಪೆಟ್ಟಿಗೇಲಿ ಇದೆ."

"ಯಾರ ಕೈಲಾದ್ರೂ ಓದಿಸಬಹುದಿತ್ತಲ್ಲ ಶೇಖ್."

"ಓದಿದವನಿಗೂ ಗೊತ್ತಾಗಿಬಿಡುತ್ತಲ್ಲ," ಎಂದರು ಶೇಖರು, ಇಷ್ಟೂ ತಿಳಿಯದೆ ಎನ್ನುವಂತೆ. "ಅದಕ್ಕೇ ನಾನು ನಿಮ್ಮ ಶಾಲೆಗೆ ಬಂದಿದ್ದು. ಅಜ್ಜನ ಹೆಸರು ಹುಡುಕಿಕೊಂಡೆ. ಅದರ ಮುಂದೆ 'ಅವನು ಒಂದು' ಅಂತ ಇದೆ, ಅಲ್ಲಿವರೆಗೆ ಓದಿದೆ. ಒಂದು ಏನು ಅನ್ನೋದು ನಾಲ್ಕು ತಿಂಗಳಿಂದ ತಿಳೀತಿಲ್ಲ. ಪಾಸಾಗಿಬಿಟ್ಟಿದ್ರೆ ಯಾರನ್ನ ಕೇಳ್ತಿದ್ದೆ? ನಾಪಾಸಾದ್ರೆ ಯಾವ ಮುಖ ಇಟ್ಕೊಂಡು ಮತ್ತೆ ಬೆಂಚಲ್ಲಿ ಕೂರ್ತಿದ್ದೆ?"

ವಗ್ದಿ ಕನ್ನಡಕ ತೆಗೆದು ಒರೆಸಿಕೊಂಡ. ತಾನು ಒಳ್ಳೆಯದನ್ನು ಮಾಡಿದೆನೋ, ಅಥವಾ ಬರೀ ಹೆದರಿದ್ದೆನೋ ಎಂದು ಯೋಚಿಸುತ್ತಿದ್ದ.

"ನಿಮ್ಮ ಕಾಗದ ಕಳಿಸಿಕೊಡಿ, ಮೊಹರು ಹಾಕ್ತೀನಿ," ಎಂದರು ಶೇಖರು. "ಮಾತು ಕೊಟ್ಟಿರೋದು ನಿಮ್ಮ ತರಗತಿಗೆ. ನೀವೇ ಹೊರಟುಹೋದ್ರೆ ನಾನು ಅದನ್ನ ಉಳಿಸ್ಕೊಳ್ಳೋದು ಹೇಗೆ?"

ಶನಿವಾರ ಬೆಳಗ್ಗೆ ಪಟ್ಟಿ ಬಾಗಿಲಿಗೆ ಬಿತ್ತು. ಪಾಸಾದವರು ಏಳು ಮಂದಿ, ನಾಪಾಸಾದವರು ಹನ್ನೆರಡು ಮಂದಿ. ಶೇಖರ ಹೆಸರಿನ ಮುಂದೆ, ಅವರೇ ಕೇಳಿಕೊಂಡಂತೆ, ಅಕ್ಷರ ತುಸು ದಪ್ಪವಾಗಿತ್ತು. ಜನ ಬಂದು ಆ ಅಕ್ಷರಗಳ ಮೇಲೆ ಬೆರಳಾಡಿಸಿ, ತಲೆಯಾಡಿಸಿ ಹೋದರು. ಅವರ ಜೊತೆ ನಾಪಾಸಾದ ಉಳಿದ ಹನ್ನೊಂದು ಮಂದಿ ಅಂದು ಸಂತೆಯಲ್ಲಿ ಎದೆಯುಬ್ಬಿಸಿ ಓಡಾಡಿದರು.

ವಗ್ದಿ ಮನೆಗೆ ಬಂದು ನಗ್ವಾಳಿಗೆ, ಸ್ವೆಟರುಗಳನ್ನು ಟ್ರಂಕಿನ ಮೇಲ್ಗಡೆ ಇಡು, ಬಂದ ತಕ್ಷಣ ಬೇಕಾಗುತ್ತವೆ ಎಂದು ಕಾಗದ ಬರೆಯುತ್ತಿದ್ದ. ಹೊರಗೆ ಟ್ಯಾಂಕರ್ ನಿಂತ ಸದ್ದಾಯಿತು. ಮುತ್ಲಖ್ ಒಳಗೆ ಬಂದವನೇ ಕೂರಲೂ ಇಲ್ಲ. ಅವನ ಹಿಂದೆ ಪಾಸಾದ ಇನ್ನೂ ಆರು ಮಂದಿ ಬಾಗಿಲಲ್ಲಿ ಮುಖ ಇಳಿಬಿಟ್ಟುಕೊಂಡು ನಿಂತಿದ್ದರು.

"ನನ್ನನ್ನ ಯಾಕೆ ಪಾಸು ಮಾಡಿದ್ರಿ ಉಸ್ತಾದರೇ? ನಾನೇನು ತಪ್ಪು ಮಾಡಿದ್ದೆ?"

"ತಪ್ಪೇ ಇಲ್ಲವಲ್ಲ ಮುತ್ಲಖ್. ನಲವತ್ತನಾಲ್ಕು. ಎಲ್ಲರಿಗಿಂತ ಜಾಸ್ತಿ."

"ಅದನ್ನೇ ಹೆಂಡ್ತಿ ಕೇಳಿದ್ಲು. ಶೇಖರನ್ನ ಇನ್ನೂ ಬೇಕು ಅಂತ ಉಳಿಸ್ಕೊಂಡ್ರು, ನಿನ್ನನ್ನ ಸಾಕು ಅಂತ ಕಳಿಸಿಬಿಟ್ರಾ ಅಂದ್ಲು."

ವಗ್ದಿ ಅವನಿಗೆ ನಿಯಮ ವಿವರಿಸಿದ. ಅಂಕ ಎಂದರೇನು, ಪಾಸು ಎಂದರೇನು, ಇಲಾಖೆ ಎಂದರೇನು ಎಂದು ಬಿಡಿಸಿ ಹೇಳಿದ. ಮುತ್ಲಖ್ ಗೌರವದಿಂದ ಎಲ್ಲ ಕೇಳಿಸಿಕೊಂಡ. ಆಮೇಲೆ ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳ ಕಟ್ಟಿನಿಂದ ತನ್ನದನ್ನು ಹುಡುಕಿ ತೆಗೆದು, ಉಸ್ತಾದನ ಮುಂದೆ ಹರವಿ, ಪಕ್ಕದಲ್ಲಿ ಕೆಂಪು ಪೆನ್ನನ್ನೂ ಇಟ್ಟ.

"ಇನ್ನೊಂದು ಸಲ ನೋಡಿ ಉಸ್ತಾದರೇ. ಅವಸರ ಏನಿಲ್ಲ, ನಾವು ಇಲ್ಲೇ ಕೂತಿರ್ತೀವಿ."